ಹೊನೊಲುಲುವಿಗೆ ಹೊರಟ ಭಾವನ ಎದೆನೋವು

ವಿಮಾನವನ್ನು ಯಾರು ಮೊದಲು ಹತ್ತಬೇಕು ಎಂಬುದು ಮನುಷ್ಯಕುಲ ಇನ್ನೂ ಇತ್ಯರ್ಥಪಡಿಸದ ಮಹಾಪ್ರಶ್ನೆ. ಮಿನಿಯಾಪೊಲಿಸ್‌ನಲ್ಲಿ ಅದಕ್ಕೆ ಉತ್ತರ ಗೊತ್ತಿದ್ದವನು ನನ್ನ ಭಾವ ವರ್ಲಿನ್ ಹೌಗೆನ್: ಚಿನ್ನದ ಕಾರ್ಡಿನವರು. ವರ್ಷಕ್ಕೆ ಇಂತಿಷ್ಟು ಮೈಲಿ ಹಾರಿದವರಿಗೆ ವಿಮಾನ ಕಂಪನಿ ಕೊಡುವ ಕಾರ್ಡು ಅದು. ನಿವೃತ್ತನಾದ ಮೇಲೆ ಭಾವನಿಗೆ ಹಾರಲು ಕಾರಣಗಳು ಮುಗಿದವು; ಕಾರ್ಡು ಮಾತ್ರ ಮುಗಿಯಕೂಡದಿತ್ತು. ಡಿಸೆಂಬರ್ ಮೂವತ್ತಕ್ಕೆ ನೋಡಿದರೆ ಏಳು ಸಾವಿರ ಮೈಲಿ ಕೊರತೆ. ಹೊನೊಲುಲುವಿಗೆ ಹೋಗಿ ಬಂದರೆ ಎಂಟು ಸಾವಿರದ ಹತ್ತಿರ. ಕೂಡಲೇ ಟಿಕೆಟ್ ಕೊಂಡ. ಅಕ್ಕನಿಗೆ ಮಾತಿಗೆ ಜನ ಬೇಕೆಂದು ನನ್ನನ್ನೂ ಎಳೆದುಕೊಂಡ.

"ಅಲ್ಲಿ ಎಷ್ಟು ದಿನ ಇರ್ತೀವಿ?" ಅಕ್ಕ ಮಾರ್ಲಿಸ್ ಕೇಳಿದಳು.

"ಒಂದು ಗಂಟೆ. ಅದೇ ವಿಮಾನದಲ್ಲಿ ವಾಪಸ್ಸು."

"ಮತ್ತೆ ಸಮುದ್ರ?"

"ಕಿಟಕಿ ಸೀಟು ನಿಂದೇ ಕಣೇ. ಮೇಲಿಂದ ನೋಡು, ಇನ್ನೂ ದೊಡ್ಡದಾಗಿ ಕಾಣ್ಸತ್ತೆ."

ಎಲ್ಲರಿಗಿಂತ ಮೊದಲು ಹತ್ತಿ, ಉಳಿದವರೆಲ್ಲ ಹತ್ತುವವರೆಗೆ ಕಾದು ಕುಳಿತೆವು. ವಿಮಾನ ದಕ್ಷಿಣ ಡಕೋಟಾದ ಮೇಲಿದ್ದಾಗ ಭಾವನ ಮುಖ ಬೂದಿಬಣ್ಣಕ್ಕೆ ತಿರುಗಿತು. ಹಣೆಯಲ್ಲಿ ಬೆವರು, ಎದೆಯ ಮೇಲೆ ಕೈ.

"ಏನಾಯ್ತು ಮಾರಾಯ?" ನಾನು ಕೇಳಿದೆ.

"ಏನಿಲ್ಲ. ಬೆಲ್ ಒತ್ತಬೇಡ."

"ಎದೆ ಹಿಡ್ಕೊಂಡಿದ್ದೀಯಲ್ಲ!"

"ನನ್ನ ಎದೆ, ಹಿಡ್ಕೋತೀನಿ. ಇನ್ನು ಏಳು ಗಂಟೆ ತಾನೇ, ತಡ್ಕೋತೀನಿ."

ಅಕ್ಕ ಬೆಲ್ ಒತ್ತಿದಳು. ಪ್ರಯಾಣಿಕರಲ್ಲಿ ಒಬ್ಬ ಡಾಕ್ಟರು ಸಿಕ್ಕರು. ನಾಡಿ ಹಿಡಿದವರೇ ವಿಮಾನ ಇಳಿಸಿ ಎಂದರು. ಮುಂದೆಲ್ಲ ಹಿಮಗಾಳಿ, ಹಿಂತಿರುಗುತ್ತಿದ್ದೇವೆ ಎಂದು ಪೈಲಟ್ ಸಾರಿದ. ಮೂಗಿಗೆ ಆಮ್ಲಜನಕ ಕಟ್ಟಿಸಿಕೊಂಡೇ ಭಾವ ಗಗನಸಖಿಯ ತೋಳು ಹಿಡಿದ.

"ಹಿಂದಕ್ಕೆ ಬೇಡಮ್ಮ. ಡೆನ್ವರ್? ಹೋಗ್ಲಿ, ಸೂ ಫಾಲ್ಸ್? ಯಾವ ಹಾಳೂರಾದ್ರೂ ಸರಿ, ಹೊರಟ ಊರೊಂದು ಬೇಡ!"

"ಮಾತಾಡ್ಬೇಡಿ ಸರ್, ಸುಸ್ತಾಗ್ತೀರಿ."

ಮಿನಿಯಾಪೊಲಿಸ್‌ನಲ್ಲಿ ಅವನನ್ನು ಸ್ಟ್ರೆಚರ್ ಮೇಲೆ ಎಲ್ಲರಿಗಿಂತ ಮೊದಲು ಇಳಿಸಿದರು. ಅದರಿಂದ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಸ್ಪತ್ರೆಯಲ್ಲಿ, ಮುಚ್ಚಿದ್ದ ಎರಡು ರಕ್ತನಾಳ ತೆರೆದು, ಜನವರಿ ಮೂರರವರೆಗೆ ಅಲ್ಲಾಡಕೂಡದೆಂದರು. ಕಣ್ಣು ಬಿಟ್ಟ ಭಾವ ಮೊದಲು ಕೇಳಿದ್ದು ಫೋನು.

"ಎರಡು ಗಂಟೆ ಹಾರಿದ್ದೀನಮ್ಮ. ಅಷ್ಟಾದ್ರೂ ಬರ್ಕೊಳ್ಳಿ."

"ಹೊರಟಿದ್ದು ಮಿನಿಯಾಪೊಲಿಸ್, ಇಳಿದಿದ್ದು ಮಿನಿಯಾಪೊಲಿಸ್," ಎಂದಳು ಕಂಪನಿಯ ಹುಡುಗಿ. "ನಮ್ಮಲ್ಲಿ ದೂರ ಅಂದ್ರೆ ಎರಡು ನಿಲ್ದಾಣದ ನಡುವಿಂದು, ಸರ್. ಸೊನ್ನೆ ಆಗತ್ತೆ."

"ಹಾರಿದ್ದು ಸುಳ್ಳಾ?"

"ಹಾರಿದ್ದೀರಿ ಸರ್. ಎಲ್ಲಿಗೂ ಹೋಗಿಲ್ಲ."

ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಅಕ್ಕನನ್ನು ಹೊಗಳಿದರು. ಭಾವ ಗೋಡೆಗೆ ಮುಖ ಮಾಡಿ ಮಲಗಿದ.

"ಒಂದು ಗಂಟೆ ಸುಮ್ನಿದ್ದಿದ್ರೆ ವಾಪಸ್ಸು ಬರೋಕೆ ಆಗದಷ್ಟು ದೂರ ಹೋಗಿರ್ತಿದ್ವಿ," ಎಂದ.

"ನೀನೊಬ್ಬನೇ ಹೋಗಿರ್ತಿದ್ದೆ, ಇನ್ನೂ ದೂರ," ಎಂದಳು ಅಕ್ಕ.

ಭಾವ ಬದುಕಿದ. ಕಾರ್ಡು ಬೆಳ್ಳಿಯದಾಯಿತು.