ಎಡ್ನಾಳ ಮೀನು

ಎಣ್ಣೆಯ ವಾಸನೆ, ಲಿಂಕನ್ ಊರಿನ ಈ ಏರುಬೀದಿಯಲ್ಲೂ ಯಾರೋ ಮೀನು ಕರಿಯುತ್ತಿದ್ದಾರೆ, ಅದೂ ನಿನ್ನೆಯ ಎಣ್ಣೆ, ಅಮ್ಮ ಇದ್ದಿದ್ದರೆ ಮೂಗು ಮುರಿಯುತ್ತಿದ್ದಳು, ಬೆರಿಲ್ ಕಂಬಿ ಹಿಡಿದು ನಿಂತಳು, ಆಪರೇಷನ್ ಆಗಿ ಐದು ತಿಂಗಳಾದ ಮಂಡಿ, ಬಸ್ಸಲ್ಲಿ ಹೋಗಮ್ಮ ಅಂದಿದ್ದ ಸ್ಟೇಷನ್ನಿನವನು, ಬಸ್ಸಂತೆ ಬಸ್ಸು, ಗ್ರಿಮ್ಸ್‌ಬಿಯ ಮೀನಂಗಡಿ ಎಡ್ನಾಳ ಮಗಳು ಇಷ್ಟು ಗುಡ್ಡ ಹತ್ತಲಾರಳೇ — ಮಂಡಿ ಎಂದರೆ ಅಮ್ಮನದು, ದಿನಾ ಬೆಳಿಗ್ಗೆ ಮಡಿಸಿದ ಗೋಣಿಯ ಮೇಲೆ ಮಂಡಿಯೂರಿ ಅಂಗಡಿಯ ನೆಲ ಉಜ್ಜುತ್ತಿದ್ದಳು, ಎದ್ದರೆ ಗೋಣಿಯಲ್ಲಿ ಎರಡು ಗುಳಿ, ತೊಂಬತ್ನಾಲ್ಕು ತುಂಬಿ, ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಆ ಒಂದು ಮಾತು ಮಾತ್ರ ಕೊನೆಗೂ ಹೇಳಲಿಲ್ಲ. ಕುಡಿದು ಬಂದ ನಾವಿಕರ ಕೊರಳಪಟ್ಟಿ ಹಿಡಿದು ಬೀದಿಗೆ ತಳ್ಳುತ್ತಿದ್ದ ಅಮ್ಮ ಪಾದ್ರಿಯ ಹೆಂಡತಿ ಮಿಸೆಸ್ ಫೆದರ್‌ಸ್ಟೋನ್ ಮುಂದೆ ತಲೆ ತಗ್ಗಿಸಿದ್ದಳು, ಹನ್ನೊಂದರ ಬೆರಿಲ್ ಬಾಗಿಲಲ್ಲೇ ನಿಂತು ನೋಡಿದ್ದಳು, ಈ ಗುಡ್ಡದ ಮೇಲಿನ ಕೆಥೆಡ್ರಲ್‌ಗೆಂದು ಊರ ಹೆಂಗಸರೆಲ್ಲ ಸೇರಿ ಕಸೂತಿ ಹಾಕುತ್ತಿದ್ದ ಮಂಡಿದಿಂಬುಗಳು, ಪ್ರಾರ್ಥನೆಗೆ ಮಂಡಿಯೂರುವುದಕ್ಕೆ, ಎಲ್ಲದರಲ್ಲೂ ಲಿಲಿ ಹೂ, ಅಮ್ಮನದರಲ್ಲಿ ಮಾತ್ರ ಹೂವಿನ ನಡುವೆ ಒಂದು ಹ್ಯಾಡಕ್ ಮೀನು, ಇದೇನು ಎಡ್ನಾ, ನಿನ್ನ ಅಂಗಡೀನ ದೇವರ ಮನೆಗೂ ತರ್ತೀಯಾ, ಅದನ್ನ ಬಿಚ್ಚು. ಆಯ್ತು ಮೇಡಂ, ಅಂದಳು ಅಮ್ಮ. ಆಯ್ತು ಮೇಡಂ! ಬಿಚ್ಚಿದ್ಯಾಮ್ಮ ಅಂತ ಆಮೇಲೆ ಬೆರಿಲ್ ಕೇಳಿದರೆ, ಉಪ್ಪಿನ ಡಬ್ಬಿ ತಗೊಂಡ್ ಬಾ ಹೋಗು ಅಂದಳು ಅಷ್ಟೇ, ಐವತ್ತೇಳು ವರ್ಷ ಆ ನಾಚಿಕೆ ಗಂಟಲಲ್ಲಿ ಮೀನಿನ ಮುಳ್ಳಾಗಿ ಉಳಿಯಿತು.

ಕೆಥೆಡ್ರಲ್ ಒಳಗೆ ತಂಪು, ಕಿಟಕಿಯ ಬಣ್ಣವೆಲ್ಲ ನೆಲದ ಮೇಲೆ ಚೆಲ್ಲಿದೆ, ಜನ ಕತ್ತೆತ್ತಿ ಕಮಾನು ನೋಡುತ್ತಿದ್ದಾರೆ, ಬೆರಿಲ್ ಮಾತ್ರ ಬಗ್ಗಿ ಬಗ್ಗಿ ದಿಂಬು ನೋಡುತ್ತಾಳೆ, ಲಿಲಿ, ಲಿಲಿ, ಇದೂ ಲಿಲಿ, ಬಿಚ್ಚಿಯೇಬಿಟ್ಟಳೇನೋ, ಬಿಚ್ಚದೆ ಇನ್ನೇನು ಮಾಡಿಯಾಳು, ಆದರೆ ಒಂದು ಮಂಗಳವಾರ ಹಲ್ಲುನೋವೆಂದು ಅಂಗಡಿ ಮುಚ್ಚಿದ್ದಳಲ್ಲ, ಜೀವಮಾನದಲ್ಲಿ ಅದೊಂದೇ ದಿನ, ಕಂಕುಳಲ್ಲಿ ಕಂದು ಕಾಗದದ ಪೊಟ್ಟಣ, ಹಲ್ಲಿನ ಡಾಕ್ಟರ ಹತ್ತಿರ ಪೊಟ್ಟಣ ಯಾಕೆ — ಏನ್ ಹುಡುಕ್ತಿದ್ದೀರಿ ತಾಯಿ, ಹೆಗಲಪಟ್ಟಿ ಹಾಕಿದ ಮುದುಕ, ಇಲ್ಲಿಯ ಮಾರ್ಗದರ್ಶಿ. ಮೀನು, ಅಂದಳು ಬೆರಿಲ್, ಹೇಳಿ ತಾನೇ ನಾಚಿದಳು. ಓ ಅದಾ, ಕಂಬದ ಪಕ್ಕ ಮೂರನೇ ಸಾಲು, ಭಾನುವಾರ ಬಂದಿದ್ರೆ ನಿಮಗೆ ಸಿಕ್ತಾನೇ ಇರ್ಲಿಲ್ಲ, ಮಕ್ಕಳು ಅದಕ್ಕೇ ಕಿತ್ತಾಡ್ತವೆ, ಯಾರೋ ಹೆಂಗಸು ರೈಲಲ್ಲಿ ತಂದು ಕೈಯಾರೆ ಕೊಟ್ಟು ಹೋದ್ಲಂತೆ, ಹೆಸರೂ ಹೇಳ್ಲಿಲ್ವಂತೆ.

ಎಡ್ನಾ, ಅಂದಳು ಬೆರಿಲ್, ಕಂಬಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, ಎಡ್ನಾ ಅಂತ, ನಮ್ಮಮ್ಮ. ತಲೆ ತಗ್ಗಿಸಿದ್ದು ನಗು ಮುಚ್ಚುವುದಕ್ಕೇ ಇರಬೇಕು, ಕಳ್ಳಿ, ನನಗಾದರೂ ಹೇಳಬಾರದಿತ್ತೇ, ಎದೆ ಉಬ್ಬಿ ಕೋಟಿನ ಗುಂಡಿ ಕಿತ್ತುಹೋಗುವಂತಿದೆ — ಮೂರನೇ ಸಾಲು, ಹೊಸ ಮಂಡಿ ಮೆಲ್ಲಗೆ ಮಡಿಸು, ಅಗೋ ಲಿಲಿ, ನೀಲಿ ಉಣ್ಣೆ ಮಾಸಿದೆ, ಯಾರ್ಯಾರೋ ಊರಿದ ಮಂಡಿಗಳಿಂದ ಎರಡು ಗುಳಿ, ಗೋಣಿಯಲ್ಲಿದ್ದಂಥವೇ ಎರಡು ಗುಳಿ, ನಡುವೆ ಹ್ಯಾಡಕ್, ಬೆನ್ನಿನ ಮೇಲೆ ಹೆಬ್ಬೆರಳೊತ್ತಿದಂಥ ಕಪ್ಪು ಚುಕ್ಕೆ ಸಮೇತ, ಒಂದು ಹೊಲಿಗೆಯೂ ಬಿಚ್ಚಿಲ್ಲ, ಎರಡು ಗುಳಿ, ನಡುವೆ ಮೀನು, ಎರಡು ಗುಳಿ, ಮೀನು