ಒಗ್ಗರಣೆಯಿಲ್ಲದ ರವೆ

ರೇಣವ್ವ ಪಾತೇಲಿಗೆ ಕೈ ಹಾಕಿ ಒಂದು ಮುಷ್ಟಿ ರವೆ ತೆಗೆದು ಮೂಸಿದಳು. ಅಷ್ಟು ಸಾಲದೆ ನಾಲಿಗೆಗೂ ಹಚ್ಚಿ ನೋಡಿದಳು. ಹೊರಗೆ ಪಡಸಾಲೆಯಲ್ಲಿ ಅವಳ ಅಣ್ಣನ ಹೆಂಡತಿ ಕಾಂತಾಳ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಖಾನಾಪುರದಿಂದ ಬೆಳಿಗ್ಗೆ ಬಂದ ರೇಣವ್ವ ಒಂದು ಸುತ್ತು ಅತ್ತು, ನೀರು ಕುಡಿಯುವ ನೆಪದಲ್ಲಿ ಅಡುಗೆಮನೆ ಹೊಕ್ಕಿದ್ದಳು.

“ಇದನ್ನ ಯಾರ ಹುರದಿಟ್ಟಾರ?”

“ಅತ್ತೀನ ಹುರದಿರಬೇಕ್ರಿ,” ಎಂದಳು ಬಾಗಿಲಲ್ಲಿ ನಿಂತಿದ್ದ ಕಾಂತಾಳ ಸೊಸೆ ಪ್ರಮಿಳಾ. “ನಿನ್ನಿ ಸಂಜೀಕ ನಾ ಉದ್ಯಮಬಾಗದಿಂದ ಕೆಲಸಾ ಮುಗಿಸಿ ಬರೂದ್ರಾಗ ಮುಚ್ಚಿಟ್ಟಿದ್ರು.”

“ಕಾಂತಾ ಹುರದಾಳ? ಸಾಸಿವಿ ಇಲ್ಲ, ಕರಿಬೇವ ಇಲ್ಲ, ಅರಿಷಿಣ ಇಲ್ಲ. ಉಪ್ಪು, ಕೊಬ್ಬರಿ ಹಾಕಿ ಮುಗಿಸ್ಯಾರ. ಇನ್ನ ಕುದಿಯೋ ನೀರಿಗೆ ಸುರಿಯೂದ ಅಷ್ಟ ಬಾಕಿ. ಇದು ಸತ್ತ ಮನಿ ಉಪ್ಪಿಟ್ಟು, ಪ್ರಮಿಳಾ. ನಿನ್ನಿ ಸಂಜೀಕ ಈ ಮನ್ಯಾಗ ಯಾರ ಸತ್ತಿದ್ರು?”

ಸಾವಾದ ಮನೆಯವರು ದಿನಕರ್ಮ ಮುಗಿಯುವ ತನಕ ಒಗ್ಗರಣೆ ತಿನ್ನುವುದಿಲ್ಲ. ಹೊರಗೆ ಕೂತಿದ್ದ ಅಯ್ಯನವರಾದ ಕಲ್ಲಯ್ಯನನ್ನು ಕೇಳಿದರೆ ಲಿಂಗವಂತರಿಗೆ ಸೂತಕವೇ ಇಲ್ಲವೆನ್ನುತ್ತಿದ್ದ. ಎಲ್ಲರೂ ಹೌದ್ರೀ ಹೌದ್ರೀ ಎಂದು ತಲೆಯಾಡಿಸುತ್ತಿದ್ದರು. ಹಾಗಂತ ಸತ್ತ ಮನೆಯಲ್ಲಿ ಸಾಸಿವೆ ಸಿಡಿಸುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ, ಕಲ್ಲಯ್ಯನ ಹೆಂಡತಿಗೂ.

“ಮನ್ಯಾಗ ಇರೂದು ಮೂರ ಮಂದಿ. ರವಾ ನೋಡಿದ್ರ ಹತ್ತ ಮಂದೀದು. ಮಣ್ಣಿಗೆ ಬರೋರಿಗೆ ಮದ್ಲ ತಯಾರಿ ಮಾಡಿಟ್ಟಾರ.” ರೇಣವ್ವ ಪಾತೇಲಿಯನ್ನು ಎತ್ತಿ ಕಂಕುಳಿಗೇರಿಸಿದಳು. “ಇದು ನನ್ನ ಕಡೆ ಇರಲಿ. ನಾಲ್ಕ ಮಂದಿ ಮುಂದ ಇಡ್ತೀನಿ.”

ನಿದ್ದೆಯಲ್ಲೇ ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಆ ಮಾತಿಗಿಂತ ಪಾತೇಲಿಯ ಮಾತೇ ಮನೆಯಲ್ಲಿ ಬೇಗ ಹಬ್ಬಿತು. ಬಳೆ ಸದ್ದಿನಷ್ಟು ಮೆಲ್ಲಗೆ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ದಾಟಿ, ಕೊನೆಗೆ ಮಗ ಗೌರೀಶನನ್ನೂ ಮುಟ್ಟಿತು. ಅವನು ಹೆಂಡತಿಯನ್ನು ಹಿತ್ತಲಿಗೆ ಕರೆದ.

“ರಾತ್ರಿ ಅವ್ವಗ ಹಾಲ ಕೊಟ್ಟಿದ್ದಿ. ಅದ್ರಾಗ ಏನರೆ ಹಾಕಿದ್ದೇನು?”

ಪ್ರಮಿಳಾ ಅವನ ಮುಖವನ್ನೇ ನೋಡಿದಳು. ಅತ್ತು ಅತ್ತು ಕೆಂಪಾಗಿದ್ದ ಆ ಕಣ್ಣುಗಳಲ್ಲಿ ತಮಾಷೆ ಇರಲಿಲ್ಲ. ಊರೇ ಅನುಮಾನಪಟ್ಟರೂ ಇವನೊಬ್ಬ ಪಡಲಾರ ಎಂದುಕೊಂಡಿದ್ದಳು.

“ಸಕ್ರಿ ಸೈತ ಹಾಕಿರಲಿಲ್ಲ,” ಎಂದಳು. “ಅವರಿಗೆ ಶುಗರ್ ಐತಿ.”

*

ಬೆಳಗಾವಿಯ ಟಿಳಕವಾಡಿಯ ಆ ಮನೆಯಲ್ಲಿ ಕಾಂತಾ ಬದುಕಿದ್ದು ಹೆಚ್ಚಾಗಿ ಬೆಳಗಿನ ನಾಷ್ಟಾದ ಚಿಂತೆಯಲ್ಲೇ. ದವಾಖಾನೆಗೆ ಬಂದವರು, ಮಗಳಿಗೆ ವರ ನೋಡಲು ಬಂದವರು, ರೈಲು ತಪ್ಪಿಸಿಕೊಂಡವರು, ಎಲ್ಲರಿಗೂ ಅವಳ ಮನೆ ಸ್ಟೇಷನ್ನಿಗೆ ಹತ್ತಿರ. ಮುಂಜಾನೆ ಏಳುವ ನೆಂಟರು ಒಲೆಯ ಮುಂದೆ ಕಾಯಬಾರದೆಂದು ಅವಳು ಸಂಜೆಯೇ ರವೆ ಹುರಿದಿಡುತ್ತಿದ್ದಳು. ಅದೂ ಸಾಸಿವೆ ಕರಿಬೇವು ಚಟಪಟ ಎನ್ನುವ ಒಗ್ಗರಣೆಯಲ್ಲೇ. ಇದು ರೇಣವ್ವನಿಗೂ ಗೊತ್ತು. ಅಲ್ಲೇ ಪ್ರಮಿಳಾಳ ಮಾತು ಸೋಲುತ್ತಿದ್ದುದು.

ಮೊನ್ನೆ ಹೀಗೇ ಯಾರೋ ನೆಂಟರು ಹೋದಮೇಲೆ ಪಾತ್ರೆ ತಿಕ್ಕುತ್ತಿದ್ದ ಪ್ರಮಿಳಾಳ ತಾಳ್ಮೆ ಕೆಟ್ಟಿತ್ತು.

“ಇದೇನ ಮನಿನೋ ಧರ್ಮಶಾಲಿನೋ? ಬರೋರು ಯಾರು, ಎಂದ ಬರ್ತಾರ, ಒಂದೂ ತಿಳಿಯಂಗಿಲ್ಲ. ನಾನೂ ದುಡದ ಬರ್ತೀನಿ.”

ಗೋಡೆಯಾಚೆಗಿನ ಮನೆಯ ರೂಪಾಲಿಗೂ ಕೇಳಿಸುವಷ್ಟು ಜೋರಾಗಿತ್ತು. ಕಾಂತಾ ಸೊಸೆಯ ಕೈಯಿಂದ ಪಾತ್ರೆ ತೆಗೆದುಕೊಂಡು ತಾನೇ ತಿಕ್ಕಿದಳು. “ಖರೇನ ಐತವ್ವಾ ನೀ ಹೇಳೂದು,” ಎಂದಳು, ಅಷ್ಟೆ. ಆ ಮಾತು ಬೆಳಗಿನಿಂದ ಪ್ರಮಿಳಾಳನ್ನು ತಿನ್ನುತ್ತಿತ್ತು. ಕೇಳಿಸಿಕೊಂಡಿದ್ದ ರೂಪಾಲಿ ಪ್ರಮಿಳಾ ಕೂಗಾಡಿದ್ದನ್ನು ಆಗಲೇ ರೇಣವ್ವನಿಗೆ ಒಪ್ಪಿಸಿದ್ದಳು.

*

ಮಣ್ಣು ಮಾಡುವುದು ಖಾನಾಪುರದ ಹೊಲದಲ್ಲಿ, ಕಾಂತಾಳ ಗಂಡನ ಗದ್ದುಗೆಯ ಬಾಜು. ದಾರಿಯುದ್ದಕ್ಕೂ ರೇಣವ್ವ ಪಾತೇಲಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಗಾಡಿ ಕುಲುಕಿದಾಗೆಲ್ಲ ಮುಚ್ಚಳ ಒತ್ತಿ ಹಿಡಿಯುತ್ತಿದ್ದಳು. ಅವಳ ಪಕ್ಕ ಖಾಲಿಯಿದ್ದ ಜಾಗದಲ್ಲಿ ಪ್ರಮಿಳಾಳನ್ನು ಯಾರೂ ಕರೆದು ಕೂರಿಸಲಿಲ್ಲ.

ಕಲ್ಲಯ್ಯ ಮಂತ್ರ ಮುಗಿಸಿ, ಎಲ್ಲರೂ ವಿಭೂತಿ ಪತ್ರಿ ಹಾಕುವ ಹೊತ್ತಿಗೆ ಬದುವಿನ ಮೇಲೆ ಒಬ್ಬ ಹೆಂಗಸು ತಡವರಿಸುತ್ತ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಹಣೆ ಬರಿದು. ಬೀಡಿ ಊರಿನ ಕಾಡವ್ವ, ಕಾಂತಾಳ ಜೊತೆ ಸಾಲಿ ಕಲಿತವಳು ಎಂದು ಯಾರೋ ಗುರುತಿಸಿದರು. ಕುರುಬರ ಸಿದ್ದಪ್ಪನ ಹೆಂಡತಿ. ಸಿದ್ದಪ್ಪ ತೀರಿಕೊಂಡು ಇನ್ನೂ ವಾರವಷ್ಟೇ ಆಗಿತ್ತು.

“ಬೆಳಗಾವಿ ಬಸ್ಸಿಗೆ ಅಂತ ಖಾನಾಪುರ ಸ್ಟ್ಯಾಂಡಿನ್ಯಾಗ ಇಳದಿದ್ದೆ. ಅಲ್ಲೆ ಸುದ್ದಿ ಕೇಳಿದೆ,” ಎಂದು ಅಳುತ್ತ ಕುಕ್ಕರಿಸಿದಳು. “ನಾ ಇವತ್ತ ನಿನ್ನ ಮನಿಗೇ ಬರಾಕ ಹೊಂಟಿದ್ನಲ್ಲಾ ಕಾಂತಾ!”

“ಕಾಂತಾನ ಮನಿಗೆ? ಈ ಸೂತಕದಾಗ?” ರೇಣವ್ವನ ಹುಬ್ಬು ಮೇಲೇರಿತು.

“ನಾಳೆ ಕಣ್ಣಿನ ಆಪರೇಷನ್ ಐತ್ರಿ. ತಾರೀಖ ಎಂದೋ ಕೊಟ್ಟಾರ, ತಪ್ಪಿಸಿದ್ರ ಮತ್ತ ಸಿಗಂಗಿಲ್ಲ. ಗಂಡ ಸತ್ತಾಕಿನ್ನ ಯಾರ ಮನಿಗೆ ಸೇರಸ್ತಾರ, ನಾ ಒಗ್ಗರಣಿನೂ ತಿನ್ನಂಗಿಲ್ಲ, ಬ್ಯಾಡ ಬಿಡು ಅಂತ ಫೋನಿನ್ಯಾಗ ಅಂದೆ. ಕೇಳಲಿಲ್ಲ. ‘ನಿನ್ನ ಒಬ್ಬಾಕಿಗೆ ಬ್ಯಾರೆ ಮಾಡಿ ಮೂಲ್ಯಾಗ ಕುಂದ್ರಸಂಗಿಲ್ಲ. ನೀ ಇರೋ ಎರಡ ಮೂರ ದಿನಕ್ಕೂ ಸೇರಿಸಿ ಹುರದಿಡ್ತೀನಿ, ಎಲ್ಲಾರಿಗೂ ಅದನ್ನ ಮಾಡ್ತೀನಿ, ಎಲ್ಲಾರೂ ಅದನ್ನ ತಿಂತೀವಿ’ ಅಂದ್ಳು.” ಮಂಜು ಕವಿದ ಕಣ್ಣುಗಳಿಂದ ಕಾಡವ್ವ ಸುತ್ತ ನೋಡಿದಳು. “ಸೊಸಿಗೆ ಹೇಳೀದೇನ ಅಂತ ಕೇಳಿದೆ. ‘ನೀ ಬಂದ ಮ್ಯಾಲೆ ಹೇಳ್ತೀನಿ, ಮದ್ಲ ಹೇಳಿದ್ರ ಪಾಪ ಸಿಟ್ಟಾಗ್ತಾಳ, ದಣದ ಬಂದಿರ್ತಾಳ’ ಅಂದಿದ್ಳು. ಸೊಸಿ ಯಾರ್ರೀ ಇದ್ರಾಗ?”

ಪ್ರಮಿಳಾ ಮುಂದೆ ಬಂದು ಅವಳ ಕೈಯ ಚೀಲ ತೆಗೆದುಕೊಂಡಳು. ಬೆಳಗಿನಿಂದ ತಡೆದಿದ್ದ ಅಳು ಈಗ ಒಮ್ಮೆಲೇ ಒಡೆದು ಬಂತು. ತನ್ನ ಬಾಯಿಗೆ ಹೆದರಿ ಅತ್ತೆ ನೆಂಟರನ್ನು ಮುಚ್ಚಿಡುವಂತಾಯಿತಲ್ಲ ಎಂಬ ನೋವೇ ಅದರಲ್ಲಿ ಹೆಚ್ಚಿತ್ತು.

ಮಣ್ಣು ಮುಗಿಸಿ ಎಲ್ಲರೂ ರೇಣವ್ವನ ಮನೆಗೆ ಬಂದರು. ಸಾಕ್ಷಿಗೆಂದು ತಂದ ಪಾತೇಲಿಯನ್ನು ಏನು ಮಾಡುವುದೆಂದು ರೇಣವ್ವನಿಗೆ ತಿಳಿಯಲಿಲ್ಲ. ಆಮೇಲೆ ಸುಮ್ಮನೆ ನೀರು ಕುದಿಯಲಿಟ್ಟಳು. “ಪ್ರಮಿಳಾ, ನೀನ ನೀಡವಾ,” ಎಂದಳು. ಅದಕ್ಕಿಂತ ಹೆಚ್ಚಿನ ಕ್ಷಮೆ ಕೇಳಿ ಅವಳಿಗೆ ರೂಢಿಯಿರಲಿಲ್ಲ.

ಪಂಕ್ತಿಯಲ್ಲಿ ಮೊದಲು ಕಾಡವ್ವ, ಅವಳ ಬಾಜು ಕಲ್ಲಯ್ಯ, ಆಮೇಲೆ ಉಳಿದವರು. ಬೆಳ್ಳಗಿನ ಸಪ್ಪೆ ಉಪ್ಪಿಟ್ಟನ್ನು ಎಲ್ಲರೂ ತಲೆ ತಗ್ಗಿಸಿ ತಿನ್ನತೊಡಗಿದರು. ಕೊನೆಯಲ್ಲಿ ಗೌರೀಶ ಕೂತಿದ್ದ. ಪ್ರಮಿಳಾ ನೀಡಿದಳು. ಅವನ ಕೈ ತಾಟಿಗೆ ಹೋಗಲಿಲ್ಲ. “ಪ್ರಮಿಳಾ, ನಾ ಮುಂಜಾನೆ...” ಎಂದು ತೊದಲಿದ.

ಅವಳು ಬಗ್ಗಿ, ಅವನ ತಾಟಿನಿಂದಲೇ ಒಂದು ತುತ್ತು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ಎಲ್ಲರೂ ನೋಡುವಂತೆ ನಿಧಾನವಾಗಿ ಅಗಿದು ನುಂಗಿದಳು. ಆಮೇಲೆ ತಾಟನ್ನು ಅವನ ಮುಂದೆ ಸರಿಸಿದಳು.

“ಈಗ ತಿನ್ರಿ,” ಎಂದಳು.