ಆಡದೆ ಬಂದ ಅಂಕ

"ಸೊಂಟಕ್ಕ ದಿಂಬು ಕೊಡ್ರಿ ವೈನಿ, ಜಾರಾಕತ್ತಾನ," ಎಂದ ಗುರಲಿಂಗಪ್ಪನ ಗೆಳೆಯ ದಾನಪ್ಪ, ಅವನ ಹೆಣದ ಕಂಕುಳಲ್ಲಿ ಕೈಯಿಟ್ಟು ಹಿಡಿದುಕೊಂಡೇ.

ಚನ್ನವ್ವ ಗಂಡನ ದಿಂಬನ್ನೇ ಮಡಚಿ ಗೋಡೆಗೂ ಬೆನ್ನಿಗೂ ನಡುವೆ ತುರುಕಿದಳು. ಗುರಲಿಂಗಪ್ಪ ನೆಟ್ಟಗೆ ಕೂತ. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ.

ಮುಂಬಯಿ ಸಾಂತಾಕ್ರೂಜಿನ ಆ ಚಾಳಿನವರು ಸತ್ತವರನ್ನು ಕೂರಿಸಿದ್ದನ್ನು ಕಂಡವರಲ್ಲ. ಪಕ್ಕದ ಖೋಲಿಯ ಮುದುಕಿ ಬಾಗಿಲಲ್ಲೇ ನಿಂತು, "ಅಸಂಚ್ ನೇಣಾರ್ ಕಾ?" ಎಂದಳು, ಹೀಗೇ ಒಯ್ಯುತ್ತೀರಾ ಎಂಬಂತೆ.

"ಹೋ ಆಜೀ," ಎಂದ ದಾನಪ್ಪ. ಆಮೇಲೆ ತನ್ನವರ ಕಡೆ ತಿರುಗಿ, "ಇಂವಾ ಚೆಸ್ಸಿನ ಮುಂದ ಕುಂತ್ರ ಖೋಲಿಗೆ ಬೆಂಕಿ ಬಿದ್ರೂ ಏಳಾಂವಲ್ಲ. ಇವತ್ತ ಹೆಂಗ ಎಬ್ಬಸೂದೋ ಶಿವನ ಬಲ್ಲ," ಎಂದ. ಅಳುತ್ತಿದ್ದವರೂ ನಕ್ಕರು. ಚನ್ನವ್ವನ ತುಟಿಯೂ ಒಂದು ಗಳಿಗೆ ಸಡಿಲವಾಯಿತು.

ಅಷ್ಟರಲ್ಲಿ ಬಸವಂತರಾಯರು ಹೆಂಡತಿ ವಿನೋದಿನಿಯೊಡನೆ ಬಂದರು. ಧಾರವಾಡದ ಕಡೆಯವರು, ಬ್ಯಾಂಕಿನಲ್ಲಿ ಆಫೀಸರು. ಬಟ್ಟೆ ಅಂಗಡಿಯ ಗುಮಾಸ್ತನಾದ ಗುರಲಿಂಗಪ್ಪ ಪ್ರತಿ ಐತವಾರ ಹೋಗುತ್ತಿದ್ದ ಬಾಂದ್ರಾದ ಚೆಸ್ ಕ್ಲಬ್ಬಿನಲ್ಲಿ ಅಂತರರಾಷ್ಟ್ರೀಯ ರೇಟಿಂಗ್ ಪಡೆದವರು ಇವರೊಬ್ಬರೇ.

"ಆಟದಾಗ ಇಂವಾ ನನಗಿಂತ ಒಂದು ಕೈ ಮ್ಯಾಲ," ಎಂದರು ಅವರು, ಎಲ್ಲರಿಗೂ ಕೇಳುವಂತೆ. "ರೇಟಿಂಗ್ ಒಂದ ಬರಲಿಲ್ಲ. ದೈವ ನೋಡ್ರಿ, ಆ ದಿನಾನ ನನಗ ಜ್ವರಾ ಬರಬೇಕ?"

ದೈವದ ಹೆಸರು ಕೇಳಿ ಚನ್ನವ್ವ ತಲೆಯೆತ್ತಿದಳು.

*

ಎಪ್ಪತ್ತಾರರ ಬೇಸಿಗೆ. ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವನು ಒಲೆಯ ಪಕ್ಕ ಕೂತು ತಿಳಿಸಿ ಹೇಳಿದ್ದ.

"ನಾವ್ ನಾವ ಆಡಿ ಎಷ್ಟ ಗೆದ್ರೂ ರೇಟಿಂಗ್ ಬರಾಂಗಿಲ್ಲ. ಮೊದಲ ಅದು ಇದ್ದವರ ಕೂಡ ಆಡಬೇಕು. ನಮ್ಮ ದೇಶದಾಗ ಅಂಥವರು ಎಷ್ಟ ಮಂದಿ ಅದಾರ ಹೇಳು?"

"ದೀಕ್ಷಾ ಇದ್ದಂಗ ಆತು ಬಿಡ್ರಿ. ತಗೊಂಡವರ ಕೊಡಬೇಕು."

"ಹೌದ ನೋಡು," ಎಂದು ಅವನು ಹಿಗ್ಗಿದ್ದ.

ಆ ವರ್ಷ ಮುಂಬಯಿಯ ಒಂದು ಪಂದ್ಯಕ್ಕೆ ಅಂಥವರು ಕೆಲವರು ಬಂದರು. ಗುರಲಿಂಗಪ್ಪ ಸಂಬಳ ಬಿಟ್ಟು ರಜೆ ಹಾಕಿ ಆಡಿದ, ಚೆನ್ನಾಗಿಯೇ ಆಡಿದ. ರೇಟಿಂಗಿನ ಲೆಕ್ಕ ತುಂಬಲು ಇನ್ನೊಂದೇ ಆಟ ಕಡಿಮೆ. ಅದು ಬಸವಂತರಾಯರ ಜೊತೆ. "ನಾ ಅದೀನಲ್ಲ, ಗುರಲಿಂಗಪ್ಪ," ಎಂದು ಅವರೇ ಬೆನ್ನು ತಟ್ಟಿದ್ದರು.

ಪಂದ್ಯದ ಕಡೆಯ ಐತವಾರ ಅವನು ಬೇಗನೆ ಮನೆಗೆ ಬಂದ. "ರಾಯರಿಗೆ ಜ್ವರಾ ಅಂತ, ಬರಲಿಲ್ಲ. ನನಗ ಪೂರ್ತಿ ಅಂಕ ಕೊಟ್ರು."

ಕಾದಾಡದೆ ಕೈಗೆ ಬಂದ ಗೆಲುವು! ಚನ್ನವ್ವ ಜಗುಲಿಯ ದೇವರಿಗೆ ಕೈಮುಗಿದು ಚಾಳಿನ ಖೋಲಿ ಖೋಲಿಗೂ ಸಕ್ಕರೆ ಹಂಚಿ ಬಂದಳು. ಬಂದವರೆಲ್ಲ ಅವನ ಕೈ ಕುಲುಕಿದರು. ಅವನು ಎಲ್ಲರಿಗೂ ನಕ್ಕ. ಮಂದಿ ಹೋದ ಮೇಲೆ ಮೆಲ್ಲಗೆ ಹೇಳಿದ:

"ಆಡದ ಬಂದ ಅಂಕ ಪಂದ್ಯದಾಗ ಹಿಡೀತಾರ ಚನ್ನಿ. ರೇಟಿಂಗಿಗೆ ಹಿಡಿಯಾಂಗಿಲ್ಲ."

"ಮತ್ತ ಮೊದಲ ಯಾಕ ಹೇಳಲಿಲ್ಲ?"

"ನೀ ಸಕ್ರಿ ಹಂಚಾಕತ್ತಿದ್ದಿ."

ಸ್ವಲ್ಪ ಹೊತ್ತಿನ ಮೇಲೆ ಅವನೇ, "ಪಾಪ, ಜ್ವರಾ ಭಾಳ ಜೋರಂತ. ರಾಯರ ಹೆಸರಿಲೆ ಎರಡು ಪತ್ರಿ ಏರಸು," ಎಂದ. ಅವಳು ಬಿಲ್ವಪತ್ರೆ ಏರಿಸಿ, ಕಾಣದ ಆ ಮನುಷ್ಯ ಗುಣವಾಗಲೆಂದು ಬೇಡಿಕೊಂಡಳು.

ಮುಂದಿನ ವರ್ಷಗಳಲ್ಲಿ ಅಂಗಡಿಯವರು ಮತ್ತೆ ಅಂಥ ರಜೆ ಕೊಡಲಿಲ್ಲ. ನಿನ್ನೆ ಬಟ್ಟೆಯ ಥಾನು ಇಳಿಸುವಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

*

ವಿನೋದಿನಿ ಬಂದು ಚನ್ನವ್ವನ ಕೈ ಹಿಡಿದು ಪಕ್ಕದಲ್ಲೇ ಕೂತಳು. ಮೆತ್ತನೆಯ ಕೈ, ಕಣ್ಣಲ್ಲಿ ನಿಜವಾದ ನೀರು.

"ಆವಾಗಿನ ಜ್ವರಾ ಭಾಳ ದಿನ ಇತ್ತೇನ್ರಿ ರಾಯರಿಗೆ?" ಎಂದಳು ಚನ್ನವ್ವ.

"ಯಾವ ಜ್ವರಾ ಅಕ್ಕಾರ?"

"ಪಂದ್ಯದ ಕಡೀ ಐತವಾರ."

"ಅವತ್ತ ನಾವು ಪವಾಯಿ ಕೆರಿಗೆ ಹೋಗಿದ್ವಲ್ಲ, ನಮ್ಮ ತಮ್ಮನ ಹೊಸಾ ಕಾರಿನಾಗ. 'ಸೋತ್ರ ನನ್ನ ರೇಟಿಂಗ್ ಇಳೀತದ, ಇವತ್ತ ಆಟಾನ ಬ್ಯಾಡ' ಅಂತ ಇವರ..." ಎನ್ನುತ್ತಲೇ ವಿನೋದಿನಿಯ ಮಾತು ನಿಂತುಹೋಯಿತು. ಹಿಡಿದಿದ್ದ ಕೈ ತಾನಾಗಿ ಸಡಿಲಿತು.

ಚನ್ನವ್ವ ಜಗುಲಿಯ ಕಡೆ ನೋಡಿದಳು. ದೇವರು ಇದ್ದಲ್ಲೇ ಇದ್ದ.

ಬಸವಂತರಾಯರು ಮಾಲೆ ಹಿಡಿದು ಮುಂದೆ ಬಂದು, ನಿಂತಲ್ಲಿಂದಲೇ ಬಾಗಿದರು.

"ನಿಂತು ಹಾಕಬ್ಯಾಡ್ರಿ," ಎಂದಳು ಚನ್ನವ್ವ. ಹೆಣದ ಎದುರಿಗೆ ಚಾಪೆ ಹಾಸಿದಳು, ಊಟಕ್ಕೆ ಕರೆದಷ್ಟೇ ಮೆತ್ತಗೆ. "ಕೂಡ್ರಿ."

ಅವರು ಕೂತರು.

"ಅವತ್ತ ಪವಾಯಿ ಕೆರಿ ದಂಡ್ಯಾಗ ಗಾಳಿ ತಣ್ಣಗಿತ್ತೇನ್ರಿ?"

ರಾಯರು ಹೆಂಡತಿಯ ಕಡೆ ತಿರುಗಿದರು. ವಿನೋದಿನಿ ನೆಲ ನೋಡುತ್ತಿದ್ದಳು. ಎದುರಿಗೆ ಗುರಲಿಂಗಪ್ಪನ ಮುಖ, ಒಂದು ಮೊಳದ ದೂರದಲ್ಲಿ.

"ಲಾರಿ ಬಂತ್ರಿ ವೈನಿ," ಎಂದ ದಾನಪ್ಪ ಬಾಗಿಲಿಂದ.

"ನಿಲ್ಲಲಿ," ಎಂದಳು ಚನ್ನವ್ವ. "ಈಗ ನಡೆ ಇವರದೈತಿ."

ಹೊರಲು ಬಂದವರು ಹೊಸ್ತಿಲಲ್ಲೇ ನಿಂತರು. ರಾಯರ ಎರಡೂ ಕೈಗಳ ನಡುವೆ ಮಾಲೆ ಜೋತಾಡುತ್ತಿತ್ತು. ಒದ್ದೆ ಹೂವಿನ ನೀರು ಅವರ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಹನಿ ಹನಿಯಾಗಿ ಬಿದ್ದು ಹರಡುತ್ತಿತ್ತು.